ಅತ್ತೆಯ ನಡಿಗೆ

ಕೈಯಲ್ಲೇ ಬರೆದು ಕಾರ್ಟೂನ್ ಸಿನಿಮಾ ತೆಗೆಯುವ ಸ್ಟುಡಿಯೋದಲ್ಲಿ ಅವಳು ಹದಿನಾಲ್ಕು ವರ್ಷದಿಂದ ನಡಿಗೆ ಬರೆಯುತ್ತಿದ್ದಳು. ನಾಯಿ, ಪೊಲೀಸು, ಗರ್ಭಿಣಿ, ಒಮ್ಮೆ ಒಂದು ಮುರುಕು ಕುರ್ಚಿ, ಎಲ್ಲವನ್ನೂ ನಡೆಸಿದ್ದಳು. ಪರದೆಯ ಮೇಲೆ ಒಂದು ಸೆಕೆಂಡು ನಡೆಯಬೇಕಾದರೆ ಹನ್ನೆರಡು ಚಿತ್ರ ಬೇಕು. ಆದರೆ ಆ ವರ್ಷ ಬಂದ ಸಿನಿಮಾದಲ್ಲಿ ಒಬ್ಬ ಮುದುಕಿ ರಸ್ತೆ ದಾಟಬೇಕಿತ್ತು, ಅಲ್ಲಿ ಅವಳ ಕೈ ಸೋತಿತು. ಎರಡು ಸಲ ಬರೆದಳು. ಸ್ಟುಡಿಯೋದ ಹಿರಿಯ ಕಲಾವಿದರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಅವರು ಚಿತ್ರಗಳ ಕಟ್ಟನ್ನು ಹಿಡಿದು, ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರನೆ ಬಿಟ್ಟು ನೋಡಿ, ಎರಡು ಸಲವೂ ವಾಪಸು ಇಟ್ಟರು.

“ಇವಳು ಮುದುಕಿ ಅಲ್ಲಮ್ಮ, ಬೆನ್ನು ಬಗ್ಗಿಸ್ಕೊಂಡಿರೋ ಹುಡುಗಿ. ಮನೇಲಿ ವಯಸ್ಸಾದೋರು ಯಾರೂ ಇಲ್ವಾ?”

ಇದ್ದರು. ಎಪ್ಪತ್ತರ ಅತ್ತೆ ದಿನಕ್ಕೆ ನೂರು ಸಲ ಅಡುಗೆಮನೆಯಿಂದ ಹಜಾರಕ್ಕೆ ಓಡಾಡುತ್ತಿದ್ದರು. ಅವಳು ಸ್ಟಾಪ್‌ವಾಚ್ ಹಿಡಿದು ಬಾಗಿಲ ಮರೆಯಲ್ಲಿ ನಿಂತಳು. ಎರಡನೇ ದಿನವೇ ಸಿಕ್ಕಿಬಿದ್ದಳು.

“ಏನೇ ಅದು, ನನ್ನ ಬೆನ್ನ ಹಿಂದೇನೇ ಸುತ್ತುತಾ ಇದ್ದೀಯಾ? ನಾನೇನು ಸಕ್ಕರೆ ಕದೀತೀನಾ?”

ವಿಷಯ ತಿಳಿದದ್ದೇ ಅತ್ತೆಯ ಮುಖ ಅರಳಿತು. ಮರುದಿನ ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ನಾಟಕದ ರಾಣಿಯ ಹಾಗೆ ನಡೆದರು. ಅದು ಯಾವ ಕೆಲಸಕ್ಕೂ ಬಾರದ ನಡಿಗೆ. ಒಂದು ವಾರ ಕಳೆದು ಅವರಿಗೆ ಅದು ಮರೆತುಹೋದ ಮೇಲೆ ಅವಳಿಗೆ ಬೇಕಾದದ್ದು ಸಿಕ್ಕಿತು: ಹೆಜ್ಜೆಗೆ ಮುಂಚೆ ಕತ್ತು ಮುಂದೆ ಹೋಗುವುದು, ಹಿಮ್ಮಡಿ ನೆಲ ಬಿಡಲು ತುಸು ಯೋಚಿಸುವುದು. ಈ ಸಲ ಮೇಷ್ಟ್ರು ಕಟ್ಟನ್ನು ಮೂರು ಬಾರಿ ತಿರುವಿ, “ಹ್ಞೂಂ” ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತು ಯಾರೂ ಕೇಳಿರಲಿಲ್ಲ.

ಎಂಟು ತಿಂಗಳಾದ ಮೇಲೆ ಸಿನಿಮಾದ ಕೊನೆಯ ಭಾಗ ಬಂತು. ಅಲ್ಲಿ ಅದೇ ಮುದುಕಿ ಬರಿಗಾಲಲ್ಲಿ ರಸ್ತೆ ದಾಟಬೇಕು. ಅವಳು ಮತ್ತೆ ಅತ್ತೆಯನ್ನು ನೋಡಿ ಬರೆದು ತಂದಳು. ಸ್ಟುಡಿಯೋದ ಮೇಜಿನ ಗಾಜಿನ ಕೆಳಗೆ ದೀಪವಿರುತ್ತದೆ. ಹಾಳೆಯ ಅಂಚಿನ ತೂತುಗಳನ್ನು ಮೇಜಿನ ಪುಟ್ಟ ಗೂಟಗಳಿಗೆ ಸಿಕ್ಕಿಸಿದರೆ ಒಂದರ ಮೇಲೊಂದು ಕೂದಲೆಳೆಯಷ್ಟೂ ಜರುಗುವುದಿಲ್ಲ. ಹಳೆಯ ಹಾಳೆಯ ಮೇಲೆ ಹೊಸದನ್ನು ಇಟ್ಟಳು. ಕತ್ತು ಕೂಡಿತು, ಕಾಲು ಹೆಚ್ಚುಕಡಿಮೆ ಕೂಡಿತು. ಬಲಗೈ ಕೂಡಲಿಲ್ಲ. ಹಳೆಯದರಲ್ಲಿ ಅದು ಹೊಟ್ಟೆಯ ಮುಂದಕ್ಕೆ ಬರುತ್ತಿತ್ತು, ಹೊಸದರಲ್ಲಿ ತೊಡೆಗೆ ಅಂಟಿಕೊಂಡೇ ಇತ್ತು.

ತಾನೇ ತಪ್ಪಿದ್ದೇನೆ ಅಂದುಕೊಂಡಳು. ಮನೆಗೆ ಹೋಗಿ ಮತ್ತೆ ನೋಡಿದಳು. ತಪ್ಪಿರಲಿಲ್ಲ.

“ಅತ್ತೆ, ಬಲಗೈ ನೋಯುತ್ತಾ?”

“ನೋವೂ ಇಲ್ಲ, ಏನೂ ಇಲ್ಲ. ಗುಂಡಿ ಹಾಕ್ಕೊಳೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ. ಯಾಕೆ?”

ಗಂಡ ನಕ್ಕುಬಿಟ್ಟ. “ಅಮ್ಮಂಗೆ ವಯಸ್ಸಾಯ್ತು ಕಣೇ. ನಿಂಗೆ ಎಲ್ಲೆಲ್ಲೂ ಗೆರೆನೇ ಕಾಣುತ್ತೆ.”

ಅವಳು ವಾದಕ್ಕೆ ಇಳಿಯಲಿಲ್ಲ. ಎರಡೂ ಕಟ್ಟು ಚೀಲಕ್ಕೆ ತುಂಬಿಕೊಂಡು ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹೊರಗೆ ಸಾಲು ಉದ್ದವಿತ್ತು, ಡಾಕ್ಟರಮ್ಮ ಅವಸರದಲ್ಲಿದ್ದರು. ಅವಳು ಮಾತು ಬೆಳೆಸದೆ ಮೊದಲ ಕಟ್ಟನ್ನು ಹೆಬ್ಬೆರಳಿನಿಂದ ಬಿಟ್ಟಳು, ಆಮೇಲೆ ಎರಡನೆಯದನ್ನು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

“ಇನ್ನೊಂದ್ಸಲ ತೋರಿಸಿ.”

ನೋಡಿದ ಮೇಲೆ ಅತ್ತೆಯನ್ನು ಹೊರಗಿನ ಕಾರಿಡಾರಿನಲ್ಲಿ ನಡೆಸಿದರು, ಬೆರಳು ಮಡಚಿಸಿ ಬಿಡಿಸಿದರು, ನರದ ಡಾಕ್ಟರಿಗೆ ಚೀಟಿ ಬರೆದರು. ಹತ್ತು ದಿನದಲ್ಲಿ ಗೊತ್ತಾಯಿತು: ಕೈಕಾಲನ್ನು ಮೆಲ್ಲಗೆ ಬಿಗಿಸುವ ಪಾರ್ಕಿನ್ಸನ್ ಕಾಯಿಲೆ, ಇನ್ನೂ ಮೊದಲ ಹಂತ. ಮಾತ್ರೆ ಶುರುವಾಯಿತು. ಗಂಡ ಆ ದಿನ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

ಅತ್ತೆ ಒಂದು ವಾರ ಸೊಸೆಯ ಜೊತೆ ಮಾತು ಬಿಟ್ಟರು. ಎಂಟನೇ ದಿನ ಅವರೇ ಬಾಯಿ ತೆಗೆದರು.

“ನೀನು ಬರೆಯೋವರೆಗೂ ನಾನು ಚೆನ್ನಾಗೇ ಇದ್ದೆ.”

“ಹೌದು ಅತ್ತೆ,” ಅಂದಳು. ಅತ್ತೆ ಅವಳ ಮುಂದಿದ್ದ ಬಟಾಣಿ ಬುಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡು ಎಡಗೈಯಲ್ಲಿ ಸುಲಿಯತೊಡಗಿದರು.

ಸ್ಟುಡಿಯೋದಲ್ಲಿ ಮೇಷ್ಟ್ರು ಹೊಸ ಹಾಳೆಗಳನ್ನು ತಿರುವಿ ಹುಬ್ಬು ಗಂಟಿಕ್ಕಿದರು. “ಈ ಕೈ ಯಾಕೆ ಸತ್ತುಹೋಗಿದೆ?”

ಅವಳು ಇದ್ದದ್ದನ್ನು ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

“ತಿದ್ದಬೇಡ. ಆ ಕೈಗೆ ಚಪ್ಪಲಿ ಕೊಡು. ಹೇಗೂ ಬರಿಗಾಲಲ್ಲಿದ್ದಾಳೆ. ಚಪ್ಪಲಿ ಹಿಡಿದ ಕೈ ಬೀಸೋದಿಲ್ಲ, ಯಾರೂ ಕೇಳೋದೂ ಇಲ್ಲ.”

ಹಾಗೇ ಬರೆದಳು.

ಮುಂದಿನ ವರ್ಷ ಸಿನಿಮಾ ಬಂತು. ಮಾತ್ರೆಯಿಂದ ಅತ್ತೆಯ ಕೈ ಅರ್ಧಕ್ಕರ್ಧ ಸಡಿಲಾಗಿತ್ತು. ಗಂಡ, ಹೆಂಡತಿ, ಅತ್ತೆ ಮೂವರೂ ಮಧ್ಯಾಹ್ನದ ಆಟಕ್ಕೆ ಹೋದರು. ಕೊನೆಯಲ್ಲಿ ಮುದುಕಿ ಚಪ್ಪಲಿ ಹಿಡಿದು ರಸ್ತೆ ದಾಟಿದಳು, ಎಲ್ಲ ಸೇರಿ ಹನ್ನೊಂದು ಸೆಕೆಂಡು. ಅತ್ತೆ ಮಿಸುಕದೆ ನೋಡಿದರು. ದೀಪ ಹತ್ತಿದ ಮೇಲೆ ಮೂಗು ಮುರಿದರು.

“ಚಪ್ಪಲಿ ಕೈಲಿ ಹಿಡ್ಕೊಂಡು ರಸ್ತೆ ದಾಟೋಷ್ಟು ಬುದ್ಧಿಗೆಟ್ಟೋಳಾ ನಾನು?”

“ಅದು ನೀವಲ್ಲ ಅತ್ತೆ.”

“ನಾನೇ,” ಎಂದು ಅತ್ತೆ ಎದ್ದರು. ಹೊರಗೆ ಹೋಗುವ ಮೊದಲು ಹಿಂದಿನ ಸಾಲಿನಲ್ಲಿದ್ದ ಅಪರಿಚಿತ ಹೆಂಗಸಿಗೂ ಅದನ್ನೇ ಹೇಳಿದರು.