ಗರುಡನ ಎರಡನೇ ಕಣ್ಣು

"ಕಿನ್ನಾಳದ ವಿಡಿಯೋ ನನ್ನ ಕಂಪ್ಯೂಟರಿನ್ಯಾಗ ಐತಿ, ನೋಡು," ಎಂದಳು ನಾಹೀದಾ.

"ನಂದರಾಗ ಇಲ್ಲ." ದುರಗೇಶ ಮಹಡಿಯಿಂದ ಇಳಿದು ಬಂದು ಅವಳ ಕುರ್ಚಿಯ ಹಿಂದೆ ನಿಂತಿದ್ದ. "ಆ ಹೆಸರಿನ ಫೋಲ್ಡರೇ ಇಲ್ಲ."

ಇದೆಂಥ ಮಾತು? ಇಬ್ಬರೂ ನೋಡುತ್ತಿದ್ದದ್ದು ಒಂದೇ ಡಿಸ್ಕು. ನಾಹೀದಾ ಫೋಲ್ಡರು ಮುಚ್ಚಿದಳು, ಮತ್ತೆ ತೆರೆದಳು. ಕಿನ್ನಾಳದ ವಿಡಿಯೋ ಇದ್ದಲ್ಲೇ ಇತ್ತು. ಮಹಡಿ ಹತ್ತಿ ಅವನ ಪರದೆ ನೋಡಿ ಬಂದಳು. ಅಲ್ಲಿ ನಿಜಕ್ಕೂ ಇರಲಿಲ್ಲ. ಅವನು ಬೆಳಿಗ್ಗೆ ಹಾಕಿದ್ದೇನೆಂದ ಹನುಮಸಾಗರದ ಮದುವೆಯ ವಿಡಿಯೋ ಅವಳಿಗೆ ಕಾಣುತ್ತಿರಲಿಲ್ಲ. ಭಾಗ್ಯನಗರದ ಆ ಸ್ಟುಡಿಯೋದಲ್ಲಿ ಇಬ್ಬರಲ್ಲಿ ಯಾರಿಗೋ ತಲೆ ಕೆಟ್ಟಿತ್ತು, ಯಾರಿಗೆಂಬುದಷ್ಟೇ ಗೊತ್ತಾಗಬೇಕಿತ್ತು.

ಬಾಗಿಲ ಬಳಿಯ ಬೆಂಚಿನ ಮೇಲೆ ಕಿನ್ನಾಳದ ವಿಜಯಲಕ್ಷ್ಮಿ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಆ ವಿಡಿಯೋ ನೋಡಲು ಕಾಯುತ್ತಿದ್ದಳು. ಅವಳ ಅತ್ತೆ ವಿರೂಪಾಕ್ಷಮ್ಮ ಮರದ ಗೊಂಬೆಗೆ ಬಣ್ಣ ಬರೆಯುವಾಕೆ. ಎಲ್ಲವನ್ನೂ ಸೊಸೆಗೆ ಕಲಿಸಿದವಳು ಕಣ್ಣು ಬರೆಯುವ ಹೊತ್ತಿಗೆ ಮಾತ್ರ ಎಲ್ಲರನ್ನೂ ಹೊರಗೆ ಕಳಿಸಿ ಕದ ಹಾಕಿಕೊಳ್ಳುತ್ತಿದ್ದಳು, ದೃಷ್ಟಿ ತಾಗುತ್ತದೆಂದು. ಯುಗಾದಿಯ ಮುಂಚೆ ನಾಹೀದಾ ವಿಡಿಯೋ ಮಾಡಲು ಹೋದಾಗ, "ಮಷಿನ್ನಿನ ದೃಷ್ಟಿ ತಾಗಂಗಿಲ್ಲ, ನೀ ಒಳಗ ಬಾರವ್ವ," ಎಂದು ಅವಳೊಬ್ಬಳನ್ನೇ ಕೂಡಿಸಿಕೊಂಡಿದ್ದಳು. ಆಮೇಲೆ ಲಕ್ವ ಹೊಡೆದು ಮುದುಕಿಯ ಬಲಗೈಯೂ ಹೋಯಿತು, ಮಾತೂ ಹೋಯಿತು. ಆ ಕಣ್ಣು ಹೇಗೆ ಬರೆಯುತ್ತಿದ್ದಳೆಂಬುದು ಈಗ ಉಳಿದಿದ್ದರೆ ಆ ವಿಡಿಯೋದಲ್ಲಿ ಮಾತ್ರ. ತನ್ನ ಕಂಪ್ಯೂಟರಿನಲ್ಲಿ ಜಾಗ ಸಾಲದೆ ನಾಹೀದಾ ಮೊನ್ನೆ ಅದನ್ನು ಡಿಸ್ಕಿಗೆ ಸರಿಸಿದ್ದಳು. ಹಳೆಯ ಜಾಗದಲ್ಲಿ ಆಗಲೇ ಬೇರೊಂದು ಮದುವೆ ಬಂದು ಕೂತಿತ್ತು.

ಆ ಡಿಸ್ಕಿನದೇ ಒಂದು ಕತೆ. ಹಿಂದಿನ ಕೋಣೆಯ ಪೆಟ್ಟಿಗೆಯಲ್ಲಿ ಅದಿತ್ತು. ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದರೆ ವೈರಿನ ಮೂಲಕ ಬಂದು ನಿಮ್ಮ ಕಂಪ್ಯೂಟರಿನೊಳಗೇ ಇರುವ ಡಿಸ್ಕಿನಂತೆ ಆಗುತ್ತಿತ್ತು. ಇನ್ನೊಂದು ಸಾಲು ಬರೆದರೆ ಬಿಟ್ಟು ಹೋಗುತ್ತಿತ್ತು. ಹೊಸಪೇಟೆಯಿಂದ ಬಂದು ಜೋಡಿಸಿಕೊಟ್ಟ ಅಲ್ತಾಫ, ಸ್ಟುಡಿಯೋ ಮಾಲೀಕರ ಅಳಿಯ, ಒಬ್ಬರು ಬಿಟ್ಟ ಮೇಲೆಯೇ ಇನ್ನೊಬ್ಬರು ಹಿಡಿಯಬೇಕೆಂದು ಹೇಳಿ ಹೋಗಿದ್ದ. ಅದಕ್ಕೊಂದು ಬೀಗ ಹಾಕಿ ಹೋಗುವುದು ಅವನಿಗೆ ಹೊಳೆಯಲಿಲ್ಲ, ಪುಣ್ಯಾತ್ಮ. ಬೀಗದ ಕೆಲಸವನ್ನು ಮೆಟ್ಟಿಲ ಮೇಲಿನ ಕೂಗು ಮಾಡುತ್ತಿತ್ತು. "ಬಿಟ್ಟೀನಿ" ಎಂದು ಒಬ್ಬರು ಕೂಗುವುದು, "ಹಿಡದೀನಿ" ಎಂದು ಇನ್ನೊಬ್ಬರು ಓಗೊಡುವುದು. ಪಕ್ಕದ ಟೇಲರಿಗೂ ಅದು ಬಾಯಿಪಾಠವಾಗಿತ್ತು.

ಹೋದ ವಾರ ದುರಗೇಶ ಗಿರಾಕಿಗಳ ಮುಂದೆ, "ನಾಹೀದಾ ಎಡಿಟ್ ಮುಗಸೂದ್ರಾಗ ಆ ಮದುವಿ ಜೋಡಿಗೆ ಕೂಸು ಹುಟ್ಟಿ ಅದರ ಜಾವಳಾನೂ ಆಗಿರತೈತಿ," ಎಂದು ನಗಾಡಿದ್ದ. ಎಲ್ಲರೂ ನಕ್ಕರು. ನಾಹೀದಾಳಿಗೆ ಮೈಯೆಲ್ಲ ಉರಿಯಿತು. ಅಂದಿನಿಂದ ಮಾತಿಲ್ಲ, ಮೆಟ್ಟಿಲ ಕೂಗೂ ಇಲ್ಲ. ಅವನು ಚಹಾಕ್ಕೆ ಇಳಿದು ಹೋದ ಚಪ್ಪಲಿಯ ಸದ್ದು ಕೇಳಿದರೆ, ಡಿಸ್ಕು ಬಿಟ್ಟಿದ್ದಾನೆಂದು ತಾನೇ ತಿಳಿದು ಅವಳು ಹಿಡಿಯುತ್ತಿದ್ದಳು.

ಅಲ್ತಾಫನಿಗೆ ಫೋನು ಹಚ್ಚಿದರು. ಎಲ್ಲ ಕೇಳಿಸಿಕೊಂಡು ಅವನು ಒಂದೇ ಮಾತು ಕೇಳಿದ. "ಇಬ್ರೂ ಕೂಡೇ ಹಿಡದೀರೇನು?"

"ಮೊನ್ನೆ ಚಾಕ್ಕ ಹೋಗೂ ಮುಂದ ನಾ ಬಿಟ್ಟಿರಲಿಲ್ಲ," ಎಂದ ದುರಗೇಶ ಮೆಲ್ಲಗೆ. "ಇವತ್ತಿಗೂ ಬಿಟ್ಟಿಲ್ಲ."

"ಅದು ಕೂಡಿ ನೋಡೋ ಫೋಲ್ಡರ್ ಅಲ್ಲ ಮಾರಾಯ್ರ, ಹೊಲ ಇದ್ದಂಗ. ಎಲ್ಲಿ ಬಿತ್ತಿದ್ದೈತಿ, ಎಲ್ಲಿ ಖಾಲಿ ಐತಿ ಅಂತ ಒಂದೊಂದು ಕಂಪ್ಯೂಟರೂ ತನ್ನ ತಲ್ಯಾಗ ಇಟ್ಕೊಂಡಿರತೈತಿ. ನಾಹೀದಾ ಬಿತ್ತಿದ್ದು ದುರಗೇಶಂದಕ್ಕ ಗೊತ್ತಿಲ್ಲ. ಖಾಲಿ ಅಂತ ತಿಳದು ಅದರ ಮ್ಯಾಲೇ ಬಿತ್ತೈತಿ." ಅಲ್ತಾಫ ಉಸಿರು ಬಿಟ್ಟ. "ದುರಗೇಶ, ಏನೂ ಒತ್ತಬ್ಯಾಡ, ನಿನ್ನ ವೈರು ಕಿತ್ತು ಬಾ. ನಾಹೀದಾ, ನಿನಗ ಕಾಣೂದನ್ನ ಬ್ಯಾರೆ ಕಡೆ ಕಾಪಿ ಮಾಡ್ಕೋ. ಬಂದಷ್ಟು ಬರಲಿ."

ಕಾಪಿಯಾಯಿತು. ವಿಜಯಲಕ್ಷ್ಮಿಯನ್ನೂ ಕರೆದು ವಿಡಿಯೋ ಹಚ್ಚಿದರು. ವಿರೂಪಾಕ್ಷಮ್ಮನ ಕೈಗಳು ಬಂದವು. ಹುಣಸೆ ಬೀಜದ ಅಂಟು ಕಲಸಿದವು, ಮರದ ಗರುಡನ ರೆಕ್ಕೆಗೆ ಹಸಿರು ತುಂಬಿದವು, ಕೊಕ್ಕಿಗೆ ಕೆಂಪು. "ಅತ್ತಿ ಕೈ ನೋಡ್ರಿ, ಒಂಚೂರೂ ನಡಗಂಗಿಲ್ಲ," ಎಂದಳು ವಿಜಯಲಕ್ಷ್ಮಿ. ಮುದುಕಿ ಕುಂಚ ತೊಳೆದು ಕಪ್ಪಿನಲ್ಲಿ ಅದ್ದಿದಳು. ಕುಂಚ ಗರುಡನ ಮುಖದ ಹತ್ತಿರ ಹೋಯಿತು. ಅಷ್ಟರಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯಿತು. ಆ ಚೂರುಗಳ ನಡುವೆ ಅರಿಶಿಣ ಹಚ್ಚಿದ ಯಾರದೋ ಕೆನ್ನೆ ಕಂಡು ಮಾಯವಾಯಿತು. ಆಮೇಲೆ ಬರೀ ಕತ್ತಲೆ.

"ಕಣ್ಣು ಎಲ್ಲ್ಯಾವ್ರಿ?" ಎಂದಳು ವಿಜಯಲಕ್ಷ್ಮಿ.

ನಾಹೀದಾ ವಿಡಿಯೋ ಹಿಂದಕ್ಕೆ ಎಳೆದು ಮತ್ತೆ ಹಚ್ಚಿದಳು. ಅಲ್ಲಿಗೇ ಬಂದು ಮತ್ತೆ ಕತ್ತಲಾಯಿತು.

"ಬಿಟ್ಟಿಲ್ಲ ಅಂತ ನಾ ಒದರಬೇಕಿತ್ತು," ಎಂದ ದುರಗೇಶ.

"ನಾನೂ ಕೇಳಬೇಕಿತ್ತು," ಎಂದಳು ಅವಳು.

ವಿಜಯಲಕ್ಷ್ಮಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು. ಅವಳು ಚೀಲದಿಂದ ಹಳೆ ಸೀರೆಯ ಗಂಟು ತೆಗೆದು ಬಿಚ್ಚಿದಳು. ಒಳಗೊಬ್ಬ ಗರುಡ. ಎಲ್ಲ ಬಣ್ಣ ಮುಗಿದಿತ್ತು, ಕಣ್ಣಿನ ಜಾಗ ಮಾತ್ರ ಬೆಳ್ಳಗೆ ಇತ್ತು. "ದೊಡ್ಡ ಪರದಿ ಮ್ಯಾಲೆ ನೋಡ್ಕೋತ ಇಲ್ಲೇ ಬರಿಯೂಣಂತ ತಂದಿದ್ದೆ. ನೀವು ಒಳಗ ಇದ್ರಲ್ಲ ಅಕ್ಕಾರ. ಅತ್ತಿ ಹ್ಯಾಂಗ ಬರದ್ರು ಅನ್ನೂದನ್ನರ ಹೇಳ್ರಿ."

ನಾಹೀದಾ ಇದ್ದದ್ದು ನಿಜ. ಆದರೆ ಅವಳು ಆವತ್ತು ಮುದುಕಿಯ ಕೈ ನೋಡಿದ್ದಳೇ? ಬೆಳಕು ನೋಡಿದ್ದಳು, ಫೋಕಸ್ಸು ನೋಡಿದ್ದಳು. ಯಾವ ಕಣ್ಣು ಮೊದಲು? ತಿಳಿಯಲಿಲ್ಲ. ಕಣ್ಣು ಮುಚ್ಚಿ ಇಲ್ಲದ ಕ್ಯಾಮೆರಾ ಎತ್ತಿ ಹಿಡಿದಳು. ಫೋಕಸ್ಸಿನ ಬಳೆ ತಿರುಗಿಸುವ ಬೆರಳು ತಾನಾಗಿ ಎಡದಿಂದ ಬಲಕ್ಕೆ ಹೊರಳುತ್ತ ನಡುವೆ ನಿಂತುಬಿಟ್ಟಿತು.

"ಎಡಗಣ್ಣು ಮದ್ಲು," ಎಂದಳು. "ಅದಾದ ಮ್ಯಾಲೆ ತಡದ್ರು. ತಲಿ ಎತ್ತಿ ನನ್ನ ನೋಡಿದ್ರು. ನಾ ಕ್ಯಾಮೆರಾ ಬಾಜೂಕ ಸರಿಸಿದೆ, ಅಡ್ಡ ಬಂದೈತಿ ಅಂದ್ಕೊಂಡೆ. ಅವರು ನನ್ನ ಕಣ್ಣು ನೋಡಿದ್ರು. ಭಾಳ ಹೊತ್ತು. ಆಮ್ಯಾಲೆ ಎರಡನೇದು ಬರದ್ರು."

ವಿಜಯಲಕ್ಷ್ಮಿ ಗರುಡನನ್ನು ಮಡಿಲಿಗೆ ಎತ್ತಿಕೊಂಡಳು. ಕುಂಚ ತೆಗೆದಳು, ಬಣ್ಣದ ಡಬ್ಬಿಯ ಮುಚ್ಚಳ ಬಿಚ್ಚಿದಳು. ದುರಗೇಶ ಯಾರೂ ಹೇಳದೆ ಎದ್ದು ಹೊರಗೆ ಹೋಗಿ ಕದ ಎಳೆದುಕೊಂಡ. ಎಡಗಣ್ಣು ಮೂಡಿತು. ಅವಳು ಕುಂಚ ತಡೆದು ತಲೆ ಎತ್ತಿದಳು. ನಾಹೀದಾ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ರೆಪ್ಪೆ ಬಡಿಯದೆ ಅವಳೆದುರು ಕೂತಳು.