ಡೈರಿ ಕಂಪ್ಯೂಟರಿನ ಸತ್ತ ಮುಖ

ಬೆಳಗಿನ ಕರೆಂಟು ಬಂದ ಕೂಡಲೇ ಡೈರಿ ಕಾರ್ಯದರ್ಶಿ ಕಾಂತರಾಜ್ ಹೊಸ ಕಂಪ್ಯೂಟರಿಗೆ ಕೈಮುಗಿದು ಗುಂಡಿ ಒತ್ತಿದ. ಹಾಲಿನ ತೂಕ, ಜಿಡ್ಡು ಎಲ್ಲ ಈಗ ಅದರ ಸುಪರ್ದಿ.

ಸಾಲಿನ ಮುಂದೆ ನರಸಮ್ಮ ನಿಂತಿದ್ದಳು. ಹಾಗೆ ನಿಂತದ್ದು ಅವತ್ತೇ ಮೊದಲು. ಬೂದಿಕೋಟೆ ಕಡೆಯ ಆ ಊರಲ್ಲಿ ಡೈರಿಯ ಬೋಣಿ ಅಧ್ಯಕ್ಷ ರಾಮಚಂದ್ರಪ್ಪನ ಮನೆಯ ಹಾಲಿನದೇ. ದಲಿತ ಕಾಲೋನಿಯ ಅವಳಂಥವರು ಎಷ್ಟು ಬೇಗ ಬಂದರೂ ಬಾಲಕ್ಕೆ. ಬಾಲದಲ್ಲಿ ನಿಂತೂ ನಿಂತೂ, ಹಾಲಿನ ಗಾಡಿ ತಪ್ಪಿ, ಒಡೆದ ಹಾಲನ್ನು ವಾಪಸು ಹೊತ್ತ ಸಿಟ್ಟು ಅವಳನ್ನು ಕೋಳಿಗಿಂತ ಮುಂಚೆ ಎಬ್ಬಿಸಿ ತಂದಿತ್ತು. ಮೊದಲು ಬಂದವಳು ಮೊದಲು ಹಾಕುತ್ತಾಳೆ, ಅಷ್ಟೇ.

ಪರದೆ ಕಪ್ಪಾಯಿತು. ಗಾಜು ಒಡೆದಂಥ ಸದ್ದು. ನಡುವೆ ಪುಟ್ಟದೊಂದು ಕಂಪ್ಯೂಟರಿನ ಚಿತ್ರ, ಅದಕ್ಕೊಂದು ಮುಖ: ಕಣ್ಣಿದ್ದ ಕಡೆ ಕತ್ತರಿ ಗೀಟು, ಬಾಯಿ ಕೆಳಕ್ಕೆ ಜೋತುಬಿದ್ದಿದೆ. ಥೇಟ್ ಹೆಣ.

"ಎದ್ದ ತಕ್ಷಣ ಯಾರ ಮುಖ ನೋಡ್ತೋ ಪಾಪ," ಎಂದಿತು ಸಾಲಿನ ಒಂದು ದನಿ. ನಗು ಹರಿಯಿತು.

ರಾಮಚಂದ್ರಪ್ಪ ನಗಲಿಲ್ಲ. "ಬೋಣಿ ಕೈ ಕೆಟ್ರೆ ಇನ್ನೇನಾಯ್ತದ್ಲಾ ಕಾಂತ? ಒಂದು ಚೊಂಬು ಗಂಜಲ ತಂದು ಚಿಮುಕ್ಸು. ಏ ನರಸಿ, ಹಿಂದಕ್ಕೋಗು."

"ನನ್ ಹಾಲಿನ್ನೂ ಕ್ಯಾನಲ್ಲೇ ಐತೆ ಗೌಡ್ರೇ. ಮಿಷನ್ನ ನಾನು ಮುಟ್ಟೂ ಇಲ್ಲ."

"ಮುಟ್ಟಿದ್ರೆ ಸುಟ್ಟೇ ಓಗಿರೋದು."

ನರಸಮ್ಮ ಕ್ಯಾನನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಬದಲಿಸುತ್ತ ನಿಂತಳು. ಕೆಳಗಿಡಲಿಲ್ಲ. ಇಟ್ಟರೆ ಯಾರದಾದರೂ ಕಾಲು ಅದನ್ನು ಹಿಂದಕ್ಕೆ ತಳ್ಳುತ್ತದೆಂದು ಗೊತ್ತಿತ್ತು. ಇವತ್ತು ಹಿಂದಕ್ಕೆ ಹೋದರೆ ಕಾಲೋನಿಯ ಯಾವ ಕ್ಯಾನೂ ಇನ್ನೆಂದೂ ಮುಂದಕ್ಕೆ ಬರುವಂತಿಲ್ಲ.

ಕಾಂತರಾಜ್ ಗಂಜಲದ ಚೊಂಬನ್ನೂ ತಂದ, ಫೋನನ್ನೂ ಮಾಡಿದ. ಆಂಡರ್ಸನ್‌ಪೇಟೆಯ ರಿಪೇರಿಯವನು ಪೆರುಮಾಳ್, ಬೂದಿಕೋಟೆಗೆ ಬಂದಿದ್ದವನು, ಬೈಕಿನಲ್ಲಿ ಬಂದಿಳಿದ. ಪರದೆ ನೋಡಿ ಅವನ ಮುಖವರಳಿತು.

"ಒನ್ನುಮಿಲ್ಲೆ ಸಾರ್, ಏನೂ ಆಗಿಲ್ಲ. ಇದು ಹಳೇ ಕಾಲದ ಮುಖ. ಉರಿಗಾಂನಲ್ಲಿ ನಾನು ಕಲಿಯೋವಾಗ ಇಂಥದೊಂದು ಡಬ್ಬ ಇತ್ತು, ಕೆಟ್ರೆ ಹಿಂಗೇ ಅಳೋದು. ಈಗ ಕಂಪ್ಯೂಟರ್ ಮಾಡೋರು ಆ ನೆನಪಿಗೆ ಅಂತ ಹೊಸ ಬೋರ್ಡ್ ಒಳಗೂ ಅದನ್ನೇ ಹಾಕಿದಾರೆ. ತಮಾಷೆಗೆ."

"ಅವರ ತಮಾಷೆಗೆ ನನ್ ಹೆಸರಲ್ಲಿ ಗಂಜಲ ತಂದವ್ರೆ," ಅಂದಳು ನರಸಮ್ಮ.

ಪೆರುಮಾಳ್ ಕಾಂತರಾಜನ ಕೈಯ ಚೊಂಬು ನೋಡಿದ. ಡಬ್ಬ ಬಿಚ್ಚಿ, ಮೆಮೊರಿ ಪಟ್ಟಿ ಎಳೆದು, ಅದರ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ, ಒತ್ತಿ ಕೂರಿಸಿದ. "ಮೊನ್ನೆ ನಾನು ಕೂರಿಸಿದ್ಮೇಲೆ ಪೂಜೆಗೆ ಅಂತ ಎತ್ತಿಟ್ರಲ್ಲ, ಆಗ್ಲೇ ಸಡಿಲ ಆಗೈತೆ."

ಮುಖ ಹೋಯಿತು, ಹಾಲು ಹಾಕುವವರ ಹೆಸರುಗಳು ಬಂದವು.

"ಸರಿ ಓಯ್ತಲ್ಲ," ಎಂದ ರಾಮಚಂದ್ರಪ್ಪ. "ಶಾಸ್ತ್ರಕ್ಕೆ ನಮ್ ಕ್ಯಾನು ಮೊದ್ಲು ಇಡ್ಲಾ."

"ಆಫ್ ಮಾಡಣ್ಣ," ನರಸಮ್ಮ ಪೆರುಮಾಳನಿಗೆ ಹೇಳಿದಳು. "ನಾನು ಮುಂದೇನೇ ನಿಂತಿರ್ತೀನಿ. ನನ್ನೇ ನೋಡ್ಕೊಂಡು ಏಳ್ಲಿ."

ಪೆರುಮಾಳ್ ಆರಿಸಿ ಹಚ್ಚಿದ. ಸಾಲು ಕತ್ತು ಚಾಚಿತು. ಪರದೆ ನೆಟ್ಟಗೆ ಎದ್ದಿತು.

ಅವಳು ಯಾರನ್ನೂ ಕೇಳಲಿಲ್ಲ. ಕ್ಯಾನೆತ್ತಿ ತೂಕದ ಪಾತ್ರೆಗೆ ಸುರಿದಳು. ಕಾಂತರಾಜನ ಬೆರಳು ಗುಂಡಿಯ ಮೇಲೆ ನಿಂತಿತು, ಕಣ್ಣು ರಾಮಚಂದ್ರಪ್ಪನ ಮೇಲೆ. ಹೊರಗೆ ಹಾಲಿನ ಗಾಡಿ ಹಾರನ್ ಹೊಡೆಯಿತು.

"ಒತ್ತಲೇ ಬೇಗ, ನಮ್ ಹಾಲೂ ಒಡೀತೈತೆ," ಎಂದಿತು ಆಗ ನಕ್ಕಿದ್ದ ಅದೇ ಸಾಲು.

ಕಾಂತರಾಜ್ ಒತ್ತಿದ. ಅವಳ ಹಾಲು ಡೈರಿಯ ದೊಡ್ಡ ಕ್ಯಾನಿನ ತಳಕ್ಕೆ ಬಿತ್ತು. ನರಸಮ್ಮ ಹೋಗಲಿಲ್ಲ. ರಾಮಚಂದ್ರಪ್ಪನ ಹಾಲು ಅದರ ಮೇಲೇ ಬೀಳುವುದನ್ನು ನೋಡಲು ಬಾಗಿಲಲ್ಲಿ ನಿಂತಳು.