ಮಾರ್ಥಾಳ ತವರುಮನೆ

ಮಗಳು ಗಾರ್ಗಿ ಅಮೆರಿಕನ್ ಹುಡುಗನನ್ನು ಮದುವೆಯಾಗುತ್ತೇನೆ ಎಂದಾಗ ರಾಜಗೋಪಾಲನಿಗೆ ಮೂರು ದಿನ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ಹುಡುಗನ ತಾಯಿ ಲೊರೇನ್ ಹತ್ತು ತಲೆಮಾರಿನ ಹೆಸರನ್ನು ಬಾಯಲ್ಲೇ ಹೇಳುತ್ತಾಳೆ ಎಂದು ಗೊತ್ತಾದ ನಾಲ್ಕನೆಯ ದಿನ ಎರಡು ಸಲ ಬಡಿಸಿಕೊಂಡು ಉಂಡ. ಅಲ್ಲಿಂದಾಚೆ ಹ್ಯೂಸ್ಟನ್ ಬಳಿಯ ಪೇರ್ಲ್ಯಾಂಡಿನ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತು, ಕೇಳಿದವರಿಗೂ ಕೇಳದವರಿಗೂ, ಬೀಗರದು ದೊಡ್ಡ ವಂಶ, ಈ ದೇಶ ಬ್ರಿಟಿಷರ ಕೈಯಲ್ಲಿದ್ದ ಕಾಲದಿಂದ ದಾಖಲೆ ಇದೆ ಎಂದು ಹೇಳತೊಡಗಿದ. ತನ್ನ ಪ್ರವರದ ಋಷಿಗಳನ್ನು ಉಸಿರು ಬಿಡದೆ ಒಪ್ಪಿಸುವ ಈ ಮನುಷ್ಯನಿಗೆ ಸ್ವಂತ ಮುತ್ತಜ್ಜಿಯ ಹೆಸರು ಗೊತ್ತಿರಲಿಲ್ಲ. ಹೆಂಡತಿ ಕೋಕಿಲಾ ಒಮ್ಮೆ ಕೇಳಿದ್ದಕ್ಕೆ, ಅದೆಲ್ಲ ಹೆಂಗಸರ ಕಡೆಯದು ಎಂದಿದ್ದ.

ಡಲ್ಲಾಸಿನ ಲೊರೇನ್‌ಗೂ ಹೆಂಗಸಿನ ಹತ್ತಿರವೇ ಲೆಕ್ಕ ತಪ್ಪಿತ್ತು. ವಸಾಹತು ಕಾಲದ ಮನೆತನಗಳ ಹೆಂಗಸರದೊಂದು ಸಂಘವಿತ್ತು. ಅದರೊಳಗೆ ಕಾಲಿಡಲು ಪ್ರತಿ ತಲೆಮಾರಿಗೂ ಪುರಾವೆ ಕೊಡಬೇಕು. ಎಲ್ಲ ಸರಿಯಾಗಿ ಬಂದು, ೧೭೬೮ರಲ್ಲಿ ವರ್ಜೀನಿಯಾದಲ್ಲಿ ಸತ್ತ ಮಾರ್ಥಾ ಕೋಲ್ ಎಂಬ ವಿಧವೆಯ ಬಳಿ ದಾರಿ ನಿಂತುಹೋಗಿತ್ತು. ಅವಳು ದೊಡ್ಡ ಜಮೀನುದಾರ ವಿದರ್ಸ್‌ನ ಮಗಳು ಎಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದರು. ಆದರೆ ಮದುವೆಯ ದಾಖಲೆ ಸುಟ್ಟುಹೋಗಿತ್ತು. ಸಂಘ ಅರ್ಜಿಯನ್ನು ಎರಡು ಸಲ ವಾಪಸು ಕಳಿಸಿತ್ತು. ಏಪ್ರಿಲ್‌ನಲ್ಲಿ ಮೂರನೆಯ ಸಲವೂ ವಾಪಸಾದರೆ ಮುಗಿಯಿತು, ಮತ್ತೆ ಅರ್ಜಿ ಹಾಕುವಂತಿಲ್ಲ.

ಇದನ್ನು ಕೇಳಿದ್ದೇ ರಾಜಗೋಪಾಲ ಫೋನಿನಲ್ಲಿ, ನಮ್ಮವಳು ಹುಡುಕಿಕೊಡುತ್ತಾಳೆ ಎಂದು ಮಾತು ಕೊಟ್ಟುಬಿಟ್ಟ. ನಮ್ಮವಳನ್ನು ಕೇಳಲಿಲ್ಲ. ಕೋಕಿಲಾ ಸೌಟನ್ನು ಸಿಂಕಿಗೆ ಎಸೆದ ಸದ್ದು ಆ ಕಡೆ ಡಲ್ಲಾಸಿಗೂ ಕೇಳಿಸಿರಬೇಕು. ಆದರೂ ಒಪ್ಪಿಕೊಂಡಳು. ಮಳವಳ್ಳಿಯ ಸಬ್‌ರಿಜಿಸ್ಟ್ರಾರ್ ಕಚೇರಿಯೆದುರು ಪತ್ರ ಬರೆಯುತ್ತಿದ್ದ ಅಪ್ಪನ ಪಕ್ಕದಲ್ಲಿ ಕೂತು ನಕಲು ಮಾಡಿ ಬೆಳೆದವಳು ಅವಳು. ಇಲ್ಲಿಗೆ ಬಂದ ಮೇಲೂ ಒಂದು ಕೌಂಟಿ ಕಚೇರಿಯ ದಾಖಲೆ ವಿಭಾಗದಲ್ಲಿ ಹದಿನೆಂಟು ವರ್ಷ ಕಳೆದಿದ್ದಳು. ಹಳೆಯ ಕೈಬರಹ ಕಂಡರೆ ಅವಳ ಬೆರಳು ಸುಮ್ಮನಿರುತ್ತಿರಲಿಲ್ಲ.

ಲೊರೇನ್ ಗಂಡಸರು ಇರುವಲ್ಲೆಲ್ಲ ಹುಡುಕಿದ್ದಳು: ಗೋರಿಕಲ್ಲು, ಸೈನ್ಯದ ಪಟ್ಟಿ, ಚರ್ಚಿನ ಚಂದಾ ಪುಸ್ತಕ. ಕೋಕಿಲಾ ಅವನ್ನು ಮುಟ್ಟಲೇ ಇಲ್ಲ. ಗಂಡನ ಮನೆಗೆ ಹೋದ ಹೆಣ್ಣಿಗೆ ಹೆಸರು ಬದಲಾದರೂ ತವರಿನಿಂದ ಅವಳ ಹಿಂದೆ ಹೋದ ಕೊಳಗ ಬದಲಾಗುವುದಿಲ್ಲ ಎನ್ನುತ್ತಿದ್ದ ಅವಳಪ್ಪ. ಆ ಸೀಮೆಯ ಉಯಿಲುಗಳನ್ನೂ, ಉಯಿಲು ಊರ್ಜಿತಕ್ಕೆಂದು ಬಂದಾಗ ಕೋರ್ಟು ಬರೆಸಿದ ಆಸ್ತಿಪಟ್ಟಿಗಳನ್ನೂ ತರಿಸಿಕೊಂಡು, ಯಾವ ಅಪ್ಪ ಯಾವ ಮಗಳಿಗೆ ಏನು ಕೊಟ್ಟ, ಯಾವ ವಿಧವೆ ಸಾಯುವಾಗ ಅವಳ ಮನೆಯಲ್ಲಿ ಏನಿತ್ತು ಎಂದು ಐದು ಭಾನುವಾರ ಓದಿದಳು. ಮಂಚಗಳು ಸಿಕ್ಕವು, ಕಬ್ಬಿಣದ ಪಾತ್ರೆಗಳು ರಾಶಿ ಸಿಕ್ಕವು. ಮಗಳು ಮಾರ್ಥಾ ಎನ್ನುವವರೇ ಮೂವರು ಸಿಕ್ಕರು. ಆರನೆಯ ಭಾನುವಾರ ಬೇಕಾದದ್ದು ಸಿಕ್ಕಿತು. ಅದನ್ನು ಓದಿದ ಮೇಲೆ ಅವಳು ಅಂದು ಅಡುಗೆ ಮಾಡಲಿಲ್ಲ.

ಗಾರ್ಗಿ, ಹುಡುಗ ಇಬ್ಬರೂ ಆಸ್ಟಿನ್ ಬಳಿಯ ರೌಂಡ್ ರಾಕಿನಲ್ಲಿದ್ದರು. ಇವರು ಹ್ಯೂಸ್ಟನ್ನಿನಿಂದ, ಲೊರೇನ್ ಡಲ್ಲಾಸಿನಿಂದ ಮೂರು ಮೂರು ಗಂಟೆ ಡ್ರೈವ್ ಮಾಡಿಕೊಂಡು ಅಲ್ಲಿ ಸೇರಿದರು. ಪುರಾವೆ ಸಿಕ್ಕಿದೆ, ಮಾರ್ಥಾ ವಿದರ್ಸ್‌ನ ಮಗಳೇ ಎಂದು ಕೋಕಿಲಾ ಹೇಳಿದ ಕೂಡಲೇ ಲೊರೇನ್ ಅವಳನ್ನು ತಬ್ಬಿಕೊಂಡು ಕಣ್ಣೊರೆಸಿಕೊಂಡಳು. ಆಮೇಲೆ ಕನ್ನಡಕ ಹಾಕಿಕೊಂಡು ಓದಿದಳು.

ವಿದರ್ಸ್ ತನ್ನ ಉಯಿಲಿನಲ್ಲಿ ಮಗಳು ಮಾರ್ಥಾಳಿಗೆ ಒಂದು ಹಾಸಿಗೆ, ಒಂದು ಕಬ್ಬಿಣದ ಪಾತ್ರೆ, ಡೈನಾ ಎಂಬ ಗುಲಾಮ ಹುಡುಗಿ ಎಂದು ಬರೆಸಿದ್ದ. ಇಪ್ಪತ್ತೇಳು ವರ್ಷದ ಮೇಲೆ ವಿಧವೆ ಮಾರ್ಥಾ ಕೋಲ್ ತನ್ನ ಉಯಿಲಿನಲ್ಲಿ, ನನ್ನ ತಂದೆ ವಿದರ್ಸ್ ನನಗೆ ಕೊಟ್ಟ ಡೈನಾ, ಅವಳ ಮಕ್ಕಳು ಸೂಕಿ ಮತ್ತು ಬೆನ್, ಹಾಗೂ ಅವಳಿಗೆ ಮುಂದೆ ಹುಟ್ಟುವುವೆಲ್ಲ ನನ್ನ ಮಕ್ಕಳಿಗೆ ಎಂದು ಬರೆಸಿದ್ದಳು. ಅಪ್ಪನನ್ನೂ ಮಗಳನ್ನೂ ಕೂಡಿಸುವ ಸಾಲು ಜಗತ್ತಿನಲ್ಲಿ ಅದೊಂದೇ.

ಲೊರೇನ್ ಕಾಗದವನ್ನು ಮಗುಚಿ ಇಟ್ಟಳು. ಹಾಸಿಗೆ ಇದೆಯಲ್ಲ, ಪಾತ್ರೆ ಇದೆಯಲ್ಲ, ಅಷ್ಟನ್ನೇ ಬರೆದರೆ ಸಾಲದೇ ಎಂದು ಕೇಳಿದಳು.

"ಪಾತ್ರೆ ಎಲ್ಲರ ಮನೇಲೂ ಇತ್ತು," ಎಂದಳು ಕೋಕಿಲಾ. "ಈ ಡೈನಾ ಒಬ್ಬಳೇ. ಅವಳನ್ನು ತೆಗೆದರೆ ನಿಮ್ಮ ಅಜ್ಜಿಗೆ ಅಪ್ಪ ಇಲ್ಲ."

ಕಾಲವೇ ಹಾಗಿತ್ತು, ಅಂಥವರನ್ನು ಮನೆಯವರ ಹಾಗೇ ನೋಡಿಕೊಳ್ಳುತ್ತಿದ್ದರಂತೆ ಎಂದು ಲೊರೇನ್ ಮೆಲ್ಲಗೆ ಹೇಳಿದಳು. ಅಲ್ಲಿಯವರೆಗೆ ಹಿಡಿದುಕೊಂಡಿದ್ದ ಸಿಟ್ಟು ಕೋಕಿಲಾಳ ಕೈ ಮೀರಿತು. ಮಾರ್ಥಾ ಸತ್ತಾಗ ಬರೆಸಿದ ಆಸ್ತಿಪಟ್ಟಿಯನ್ನು ಎಳೆದು ಮುಂದಿಟ್ಟಳು.

"ಮನೆಯವರನ್ನು ಕುದುರೆ ಆದಮೇಲೆ, ಹಂದಿಗಿಂತ ಮೊದಲು ಬರೆಯೋದನ್ನು ನಾನೆಲ್ಲೂ ನೋಡಿಲ್ಲ."

ರಾಜಗೋಪಾಲ ಬೀಗಿತ್ತಿಗೆ ತಿಳಿಯದಿರಲಿ ಎಂದು ಕನ್ನಡಕ್ಕೆ ಇಳಿದ. "ಮದುವೆ ಆಗಬೇಕಾದ ಮನೆ ಕಣೇ. ಒಂದು ಸಾಲು ಬಿಟ್ಟರೆ ನಿನ್ನ ಗಂಟೇನು ಹೋಗುತ್ತೆ?"

"ನಿಮ್ಮ ತಾತಂದಿರ ಪಾಲುಪಟ್ಟೀನ ನಕಲು ಮಾಡಿಕೊಟ್ಟಿದ್ದು ನಮ್ಮಪ್ಪ. ಎತ್ತು ನಾಲ್ಕು, ಗಾಡಿ ಒಂದು. ಜೀತದ ಕೆಂಚ ದೊಡ್ಡವನ ಪಾಲಿಗೆ, ಕೆಂಚನ ಹೆಂಡತಿ ಚಿಕ್ಕವನ ಪಾಲಿಗೆ. ಹೋಗಿ, ಇದನ್ನೂ ದೇವಸ್ಥಾನದಲ್ಲಿ ಹೇಳಿ ಬನ್ನಿ."

ಅತ್ತೆ ಏನಂದರು ಎಂದು ಹುಡುಗ ಗಾರ್ಗಿಯನ್ನು ಕೇಳಿದ. ಕನ್ನಡ ಆಡದಿದ್ದರೂ ಎಲ್ಲ ಅರ್ಥವಾಗುವ ಅವಳು ಒಂದಕ್ಷರ ಬಿಡದೆ ಹೇಳಿದಳು. ಹೇಳಿ ಮುಗಿಸಿ, ಎರಡೂ ಮನೆಯ ಜಾತಕ ಇಷ್ಟು ಚೆನ್ನಾಗಿ ಕೂಡುತ್ತದೆ ಅಂದುಕೊಂಡಿರಲಿಲ್ಲ ಎಂದು ಇಂಗ್ಲಿಷಿನಲ್ಲೇ ಸೇರಿಸಿದಳು. ಮದುವೆಯೇನೂ ನಿಲ್ಲಲಿಲ್ಲ. ಆ ಇಬ್ಬರು ಮದುವೆಯಾಗಲು ಹೊರಟದ್ದು ಅಜ್ಜ ಅಜ್ಜಿಯರನ್ನಲ್ಲವಲ್ಲ.

ಲೊರೇನ್ ಕಡತವನ್ನು ಡಲ್ಲಾಸಿಗೆ ಒಯ್ದಳು. ಏಪ್ರಿಲ್ ಬಂತು, ಹೋಯಿತು. ಅರ್ಜಿ ಹೋಗಲಿಲ್ಲ. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅವಳೇ ಫೋನ್ ಮಾಡಿ, ತನ್ನ ತಾಯಿಯ ತಾಯಿಯ ಕಡೆಯಲ್ಲಿ ಇನ್ನೊಬ್ಬ ಅಜ್ಜಿ ಇದ್ದಾಳೆ, ಉತ್ತರದವಳು, ದೇವಭಕ್ತೆ, ಅಲ್ಲಿ ಅಂಥದ್ದೇನೂ ಇರಲಾರದು, ನೋಡುತ್ತೀರಾ ಎಂದು ಕೇಳಿದಳು. ಕಳಿಸಿ, ಇದ್ದದ್ದನ್ನು ಇದ್ದ ಹಾಗೇ ಓದುತ್ತೇನೆ ಎಂದಳು ಕೋಕಿಲಾ. ಲೊರೇನ್, ಹಾಗಾದರೆ ಮಾರ್ಥಾಳ ಪುಟಗಳ ನಕಲು ನಿಮ್ಮಲ್ಲೇ ಇರಲಿ, ಇನ್ನು ಯಾರಿಗೂ ಅದರಿಂದ ಉಪಯೋಗವಿಲ್ಲವಲ್ಲ ಎಂದಳು.

"ಉಪಯೋಗ ಇರೋರಿಗೆ ಕಳಿಸಿದ್ದೀನಿ," ಎಂದಳು ಕೋಕಿಲಾ. ಹಳೆಯ ಉಯಿಲುಗಳಲ್ಲಿ ಸಿಗುವ ಗುಲಾಮರ ಹೆಸರುಗಳನ್ನು, ಅವರ ಮರಿಮಕ್ಕಳು ಹುಡುಕಲೆಂದು ಒಂದೆಡೆ ಸೇರಿಸುವ ಲೈಬ್ರರಿಯೊಂದಿತ್ತು. ಡೈನಾ, ಸೂಕಿ, ಬೆನ್ ಮೂವರೂ ಈಗ ಅದರಲ್ಲಿದ್ದರು.

ಅಲ್ಲಿ ತನ್ನ ಹೆಸರೂ ಇದೆಯೇ ಎಂದು ಲೊರೇನ್ ಕೇಳಿದಳು.

ಇಲ್ಲ, ಮಾರ್ಥಾಳದಿದೆ, ಗುಲಾಮರು ಯಾರ ವಶದಲ್ಲಿದ್ದರು ಎನ್ನುವ ಕಾಲಮ್ಮಿನಲ್ಲಿ, ಅಪ್ಪನ ಹೆಸರಿನ ಸಮೇತ ಎಂದಳು ಕೋಕಿಲಾ. ಎರಡು ಸಲ ವಾಪಸು ಬಂದಿದ್ದ ಮಾರ್ಥಾ ಕೋಲ್‌ಳನ್ನು ಅಲ್ಲಿ ಒಂದೇ ಸಲಕ್ಕೆ ಸೇರಿಸಿಕೊಂಡಿದ್ದರು.